ಕೂಗಳತೆಯ ಆಚೆಗೆ ಒಂದು ಪಿಸುಮಾತು: ಲೋರಾ ಹೇಗೆ ಕೆಲಸ ಮಾಡುತ್ತೆ?

ಹಳ್ಳಿ ಕಡೆ ದೂರ ಹೇಳೋಕೆ ಒಂದು ಚೆಂದದ ಅಳತೆ ಇದೆ: ಕೂಗಳತೆ. "ಅವರ ಮನೆ ಇಲ್ಲೇ ಕೂಗಳತೆ ದೂರದಲ್ಲಿದೆ" ಅಂದರೆ, ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳಿಸುತ್ತೆ ಅಂತ. ಅದು ಎಷ್ಟು ಮೀಟರ್ ಅಂತ ಕೇಳಿದರೆ ಯಾರೂ ಹೇಳಲ್ಲ. ಹೇಳೋಕೆ ಆಗೋದೂ ಇಲ್ಲ. ಕೂಗುವವರ ಗಂಟಲಲ್ಲಿ ಎಷ್ಟು ಶಕ್ತಿ ಇದೆ, ಕೇಳುವವರ ಕಿವಿ ಎಷ್ಟು ಚುರುಕು, ನಡುವೆ ಗದ್ದಲ ಎಷ್ಟಿದೆ, ಅಡ್ಡಲಾಗಿ ಗುಡ್ಡ ಇದೆಯಾ? ಈ ನಾಲ್ಕೂ ಸೇರಿದರೇನೇ ಕೂಗಳತೆ. ಆರನೇ ಸೆಮಿಸ್ಟರ್‌ನಲ್ಲಿ 'ಲಿಂಕ್ ಬಜೆಟ್' ಅಂತ ನಾವು ಓದೋದು ಇದನ್ನೇ, ಡೆಸಿಬೆಲ್‌ನಲ್ಲಿ ಬರೆದಿರುತ್ತಾರೆ ಅಷ್ಟೇ.

ಈ ನಾಲ್ಕು ಅಂಶಗಳನ್ನು ಜಾಣತನದಿಂದ ಬಳಸಿಕೊಂಡು, ಎರಡು ಎಎ ಸೆಲ್‌ಗಳ ಬಲದಲ್ಲೇ ಹಲವು ಕಿಲೋಮೀಟರ್ ದೂರಕ್ಕೆ ಮಾತು ತಲುಪಿಸುವ ತಂತ್ರಜ್ಞಾನ ಲೋರಾ. ಹೆಸರು ಎಲ್ಲರೂ ಕೇಳಿರ್ತೀರಿ. ಅದು ಒಳಗೆ ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಕೈಕೊಡುತ್ತೆ ಅನ್ನೋದನ್ನ ಈ ಸಲ ಲೆಕ್ಕ ಸಮೇತ ನೋಡೋಣ.

ಮೇಜಿನ ಮೇಲೆ ಓಡಿದ್ದು ತೋಟದಲ್ಲಿ ಯಾಕೆ ಓಡಲ್ಲ?

ಯಾವ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೂ 'ಸ್ಮಾರ್ಟ್ ಕೃಷಿ' ಅಂತ ಎರಡು ಮೂರು ಮಾದರಿಗಳು ಇದ್ದೇ ಇರುತ್ತವೆ. ಒಂದು ಕುಂಡ, ಅದರಲ್ಲಿ ಮಣ್ಣಿನ ತೇವ ನೋಡುವ ಸೆನ್ಸರ್, ಪಕ್ಕದಲ್ಲಿ ವೈ-ಫೈ ಬೋರ್ಡು. ಮೊಬೈಲ್‌ನಲ್ಲಿ ಗ್ರಾಫ್ ಬರುತ್ತೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದೇ ಸಾಮಾನನ್ನ ಮಲೆನಾಡಿನ ಒಂದು ಅಡಿಕೆ ತೋಟಕ್ಕೆ ತಗೊಂಡು ಹೋಗಿ ಇಟ್ಟರೆ? ಮನೆಯ ವೈ-ಫೈ ಅಂಗಳ ದಾಟಲ್ಲ. ತೋಟ ಕಣಿವೆಯಲ್ಲಿದ್ದರೆ ಮೊಬೈಲ್ ಸಿಗ್ನಲ್ಲೂ ಸಿಗಲ್ಲ. ಕರೆಂಟ್ ಪಾಯಿಂಟ್ ಅಂತೂ ಇಲ್ವೇ ಇಲ್ಲ. ವೈ-ಫೈ ಚಿಪ್ ಪ್ರಸಾರ ಮಾಡುವಾಗ 150 ಮಿಲಿಆಂಪಿಯರ್‌ಗೂ ಹೆಚ್ಚು ಎಳೆಯುತ್ತೆ. ಹಳೆಯ ಜಿಎಸ್‌ಎಂ ಮಾಡ್ಯೂಲ್ ಕ್ಷಣಮಾತ್ರಕ್ಕಾದರೂ 2 ಆಂಪಿಯರ್ ಕೇಳುತ್ತೆ.

ಹಾಗಂತ ತೋಟಕ್ಕೆ ಬೇಕಾಗಿರೋದು ತುಂಬಾ ಏನಲ್ಲ. ಗಂಟೆಗೊಮ್ಮೆ ಮಳೆ ಎಷ್ಟು, ತೇವ ಎಷ್ಟು, ಉಷ್ಣಾಂಶ ಎಷ್ಟು ಅಂತ ನಾಲ್ಕು ಅಂಕಿ ಬಂದರೆ ಸಾಕು. ಅಡಿಕೆಗೆ ಕೊಳೆರೋಗ ಬರೋದು ಬಿಡದೆ ಸುರಿಯುವ ಮಳೆಯಲ್ಲಿ. ಬೋರ್ಡೋ ಮಿಶ್ರಣ ಯಾವಾಗ ಸಿಂಪಡಿಸಬೇಕು ಅಂತ ನಿರ್ಧರಿಸುವವರಿಗೆ ಆ ನಾಲ್ಕು ಅಂಕಿ ಅಂದರೆ ಒಂದು ವರ್ಷದ ಫಸಲು. ವೇಗ ಬೇಡ, ದೂರ ಬೇಕು. ಬ್ಯಾಟರಿ ವರ್ಷಗಟ್ಟಲೆ ಬಾಳಬೇಕು. ಇಂಥ ಬೇಡಿಕೆಗೆ ಹುಟ್ಟಿದ ಜಾಲಗಳಿಗೇ 'ಕಡಿಮೆ ಶಕ್ತಿಯ ವಿಶಾಲ ಜಾಲ' ಅಂತಾರೆ. ಲೋರಾ, ಸಿಗ್‌ಫಾಕ್ಸ್, ಎನ್‌ಬಿ-ಐಒಟಿ ಎಲ್ಲವೂ ಇದೇ ಕುಟುಂಬದವು.

ಜೋರಾಗಿ ಅಲ್ಲ, ನಿಧಾನವಾಗಿ

ಗುಡ್ಡದ ಆಚೆ ಇರುವವರನ್ನ ಕರೆಯುವಾಗ ಯಾರೂ ಗಡಗಡ ಅಂತ ಮಾತಾಡಲ್ಲ. "ಕೂ..." ಅಂತ ಒಂದೇ ಸ್ವರವನ್ನ ಉದ್ದಕ್ಕೆ ಎಳೆಯುತ್ತಾರೆ. ಗಂಟಲಿನ ಶಕ್ತಿ ಅಷ್ಟೇ ಇದ್ದರೂ, ಎಳೆದಷ್ಟೂ ಕೇಳುವವರಿಗೆ ಗುರುತು ಹಿಡಿಯೋಕೆ ಹೆಚ್ಚು ಅವಕಾಶ. ರೇಡಿಯೋದಲ್ಲೂ ಹೀಗೇನೆ. ರಿಸೀವರ್‌ಗೆ ಒಂದು ಬಿಟ್ ಅರ್ಥವಾಗಬೇಕಾದರೆ ಆ ಬಿಟ್‌ನಲ್ಲಿ ಇಂತಿಷ್ಟು ಚೈತನ್ಯ ಇರಲೇಬೇಕು. ಚೈತನ್ಯ ಅಂದರೆ ಶಕ್ತಿ ಗುಣಿಸು ಸಮಯ. ಶಕ್ತಿ ಹೆಚ್ಚಿಸೋಕೆ ಬ್ಯಾಟರಿ ಬಿಡಲ್ಲ, ಸರ್ಕಾರದ ನಿಯಮವೂ ಬಿಡಲ್ಲ. ಉಳಿದಿದ್ದು ಸಮಯ. ಅದನ್ನ ಹಿಗ್ಗಿಸಬಹುದು.

ಈಗ ಕಿವಿಯ ಲೆಕ್ಕ. ಕೋಣೆಯ ಉಷ್ಣಾಂಶದಲ್ಲಿ ಪ್ರಕೃತಿಯೇ ಮಾಡುವ ಗದ್ದಲ ಪ್ರತಿ ಹರ್ಟ್ಸ್‌ಗೆ ಮೈನಸ್ 174 ಡಿಬಿಎಂ. ಲೋರಾ ಸಾಮಾನ್ಯವಾಗಿ ಬಳಸುವ ಅಗಲ 125 ಕಿಲೋಹರ್ಟ್ಸ್. ಅದಕ್ಕೆ 51 ಡೆಸಿಬೆಲ್ ಕೂಡಿಸಿ. ರಿಸೀವರ್ ತಾನೇ ಸೇರಿಸುವ ಗದ್ದಲ 6 ಡೆಸಿಬೆಲ್ ಅಂತಿಟ್ಟುಕೊಳ್ಳಿ. ಒಟ್ಟು ಮೈನಸ್ 117 ಡಿಬಿಎಂ. ಮಾಮೂಲಿ ರೇಡಿಯೋ ಆಗಿದ್ದರೆ ಸಿಗ್ನಲ್ ಇದಕ್ಕಿಂತ ಮೇಲಿರಬೇಕಿತ್ತು. ಲೋರಾ ತನ್ನ ನಿಧಾನದ ಸೆಟ್ಟಿಂಗ್‌ನಲ್ಲಿ ಇದಕ್ಕಿಂತ 20 ಡೆಸಿಬೆಲ್ ಕೆಳಗೆ, ಅಂದರೆ ಮೈನಸ್ 137 ಡಿಬಿಎಂನಲ್ಲೂ ಕೇಳಿಸಿಕೊಳ್ಳುತ್ತೆ. ಗದ್ದಲದ ನೂರನೇ ಒಂದು ಭಾಗದಷ್ಟಿರುವ ಪಿಸುಮಾತು! ಇದು ಹೇಗೆ ಸಾಧ್ಯ?

ಜಾರುವ ಸ್ವರ

ಗುಟ್ಟು ಇರೋದು 'ಚಿರ್ಪ್'ನಲ್ಲಿ. ಸಂಗೀತ ಕಲಿತವರಿಗೆ ಜಾರು ಗಮಕ ಗೊತ್ತಿರುತ್ತೆ: ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತದೆ ಜಾರಿಕೊಂಡು ಹೋಗೋದು. ಲೋರಾದ ಪ್ರತಿ ಸಿಂಬಲ್ ಕೂಡ ಇಂಥದೇ ಒಂದು ಜಾರು. ಆವರ್ತನ ಬ್ಯಾಂಡಿನ ಕೆಳತುದಿಯಿಂದ ಮೇಲ್ತುದಿಗೆ ಒಂದೇ ಸಮನೆ ಏರುತ್ತೆ. ಮೇಲ್ತುದಿ ಮುಟ್ಟಿದ ಕೂಡಲೇ ಮತ್ತೆ ಕೆಳಗಿನಿಂದ ಶುರು. ಮಾಹಿತಿ ಇರೋದು ಜಾರು ಎಲ್ಲಿಂದ ಶುರುವಾಯ್ತು ಅನ್ನೋದರಲ್ಲಿ. 4096 ಬೇರೆ ಬೇರೆ ಜಾಗಗಳಿಂದ ಶುರು ಮಾಡಬಹುದಾದರೆ, ಒಂದು ಸಿಂಬಲ್‌ನಲ್ಲಿ 12 ಬಿಟ್ ಹೇಳಿದ ಹಾಗಾಯ್ತು, ಯಾಕಂದ್ರೆ ಎರಡರ 12ನೇ ಘಾತ 4096.

ರಿಸೀವರ್ ಏನು ಮಾಡುತ್ತೆ? ಬಂದ ಸಿಗ್ನಲ್ಲನ್ನ ಉಲ್ಟಾ ಜಾರಿನಿಂದ, ಅಂದರೆ ಮೇಲಿನಿಂದ ಕೆಳಗೆ ಇಳಿಯುವ ಚಿರ್ಪ್‌ನಿಂದ ಗುಣಿಸುತ್ತೆ. ಏರಿಕೆ ಇಳಿಕೆ ಎರಡೂ ಸೇರಿ ವಜಾ ಆಗಿ, ಉಳಿಯೋದು ಒಂದೇ ಸ್ಥಿರ ಸ್ವರ. ಅದರ ಮೇಲೆ ಎಫ್‌ಎಫ್‌ಟಿ ಮಾಡಿದರೆ ಸಿಂಬಲ್‌ನ ಅಷ್ಟೂ ಚೈತನ್ಯ 4096 ಪೆಟ್ಟಿಗೆಗಳಲ್ಲಿ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತೆ. ಗದ್ದಲಕ್ಕೆ ಈ ಶಿಸ್ತು ಇಲ್ಲವಲ್ಲ, ಅದು ಎಲ್ಲಾ ಪೆಟ್ಟಿಗೆಗಳಿಗೂ ಹಂಚಿಹೋಗುತ್ತೆ. ಹಾಗಾಗಿ 36 ಡೆಸಿಬೆಲ್ ಲಾಭ. ಮೈನಸ್ 20ರಲ್ಲಿ ಬಂದ ಸಿಗ್ನಲ್ ಈ ಲೆಕ್ಕದಲ್ಲಿ ಗದ್ದಲಕ್ಕಿಂತ 16 ಡೆಸಿಬೆಲ್ ಮೇಲೆ ಎದ್ದು ನಿಲ್ಲುತ್ತೆ. ಡಿಎಸ್‌ಪಿ ಲ್ಯಾಬ್‌ನಲ್ಲಿ "ಈ ಎಫ್‌ಎಫ್‌ಟಿ ಯಾತಕ್ಕಪ್ಪಾ?" ಅಂತ ಕೇಳಿದವರಿಗೆ ಇದೇ ಉತ್ತರ.

ಚಿರ್ಪ್ ಹೊಸದೇನಲ್ಲ. ಬಾವಲಿಗಳು ಕತ್ತಲಲ್ಲಿ ದಾರಿ ಹುಡುಕೋಕೆ ಇದನ್ನೇ ಬಳಸುತ್ತವೆ, ರಾಡಾರ್‌ನವರೂ ದಶಕಗಳಿಂದ ಬಳಸುತ್ತಿದ್ದಾರೆ. ಅದನ್ನ ಅಗ್ಗದ ಚಿಪ್‌ಗೆ ತಂದವರು ಫ್ರಾನ್ಸಿನ ಗ್ರೆನೋಬಲ್‌ನ ಸೈಕ್ಲಿಯೋ ಅನ್ನೋ ಸಣ್ಣ ಕಂಪನಿಯವರು. 2012ರಲ್ಲಿ ಅಮೆರಿಕಾದ ಸೆಮ್‌ಟೆಕ್ ಆ ಕಂಪನಿಯನ್ನ ಕೊಂಡುಕೊಂಡಿತು.

ದೂರಕ್ಕೆ ತೆರಬೇಕಾದ ಬೆಲೆ

ಜಾರು ಎಷ್ಟು ನಿಧಾನ ಅಂತ ಹೇಳುವ ಅಂಕಿಗೆ ಸ್ಪ್ರೆಡಿಂಗ್ ಫ್ಯಾಕ್ಟರ್, ಚಿಕ್ಕದಾಗಿ ಎಸ್‌ಎಫ್ ಅಂತಾರೆ. ಸಾಮಾನ್ಯವಾಗಿ 7ರಿಂದ 12ರವರೆಗೆ. ಎಸ್‌ಎಫ್ 7ರಲ್ಲಿ ಒಂದು ಸಿಂಬಲ್‌ಗೆ ಸುಮಾರು 1 ಮಿಲಿಸೆಕೆಂಡ್, ಎಸ್‌ಎಫ್ 12ರಲ್ಲಿ ಸುಮಾರು 33 ಮಿಲಿಸೆಕೆಂಡ್. ಒಂದೊಂದು ಮೆಟ್ಟಿಲು ಏರಿದಾಗಲೂ ಸಮಯ ಎರಡರಷ್ಟಾಗುತ್ತೆ, ಆದರೆ ಸಿಗೋದು ಒಂದೇ ಒಂದು ಹೆಚ್ಚುವರಿ ಬಿಟ್. ವೇಗ ಸೆಕೆಂಡಿಗೆ ಸುಮಾರು 5,470 ಬಿಟ್‌ನಿಂದ 293 ಬಿಟ್‌ಗೆ ಇಳಿಯುತ್ತೆ.

12 ಬೈಟ್ ಮಾಹಿತಿ, ಅದರ ಮೇಲೆ 13 ಬೈಟ್ ತಲೆಬರಹ ಸೇರಿ 25 ಬೈಟ್‌ನ ಒಂದು ಸಂದೇಶ ತಗೊಳ್ಳಿ. ಎಸ್‌ಎಫ್ 7ರಲ್ಲಿ ಅದು ಗಾಳಿಯಲ್ಲಿರೋದು 62 ಮಿಲಿಸೆಕೆಂಡ್. ಎಸ್‌ಎಫ್ 12ರಲ್ಲಿ 1.48 ಸೆಕೆಂಡ್. ಇಪ್ಪತ್ನಾಲ್ಕು ಪಟ್ಟು! ಈ ಒಂದು ಅನುಪಾತ ನೆನಪಿಟ್ಟುಕೊಳ್ಳಿ, ಮುಂದೆ ಎರಡು ಕಡೆ ಬೇಕಾಗುತ್ತೆ.

ಹಾಗಾದರೆ ಎಷ್ಟು ದೂರ ಹೋಗುತ್ತೆ? 14 ಡಿಬಿಎಂ, ಅಂದರೆ 25 ಮಿಲಿವ್ಯಾಟ್‌ನಿಂದ ಶುರು ಮಾಡೋಣ. ನಡುವೆ ಏನೂ ಅಡ್ಡ ಇಲ್ಲದಿದ್ದರೆ 866 ಮೆಗಾಹರ್ಟ್ಸ್‌ನಲ್ಲಿ 10 ಕಿಲೋಮೀಟರ್‌ಗೆ ಆಗುವ ನಷ್ಟ 111 ಡೆಸಿಬೆಲ್. ತಲುಪೋದು ಮೈನಸ್ 97; ಕೇಳಿಸೋದು ಮೈನಸ್ 137ರವರೆಗೆ. ಇನ್ನೂ 40 ಡೆಸಿಬೆಲ್ ಕೈಯಲ್ಲಿದೆ. 2017ರಲ್ಲಿ ನೆದರ್‌ಲೆಂಡ್ಸ್‌ನಿಂದ ಹಾರಿಸಿದ ಬಲೂನಿನ ಲೋರಾ ಸಂದೇಶವೊಂದು ಬರೀ 25 ಮಿಲಿವ್ಯಾಟ್‌ನಲ್ಲಿ 702 ಕಿಲೋಮೀಟರ್ ಆಚೆ ಸಿಕ್ಕಿದ್ದು ಇದೇ ಲೆಕ್ಕದಲ್ಲಿ. ಆ ದೂರಕ್ಕೆ ನಷ್ಟ ಸುಮಾರು 148, ಉಳಿಯೋದು ಮೈನಸ್ 134.

ಆದರೆ ಆ ಬಲೂನು ಇದ್ದಿದ್ದು ಸುಮಾರು 38 ಕಿಲೋಮೀಟರ್ ಎತ್ತರದಲ್ಲಿ. ನಮ್ಮ ತೋಟದ ಸೆನ್ಸರ್ ಇರೋದು ಮೊಣಕಾಲೆತ್ತರದಲ್ಲಿ, ಒದ್ದೆ ಎಲೆಗಳ ನಡುವೆ. ಅದಲ್ಲದೆ ಎರಡು ಆಂಟೆನಾಗಳ ನಡುವೆ ಸೂಜಿಯ ಹಾಗೆ ನೇರ ಗೆರೆ ಕಂಡರೆ ಸಾಲದು. 10 ಕಿಲೋಮೀಟರ್ ದಾರಿಯ ನಟ್ಟನಡುವೆ ಆ ಗೆರೆಯ ಸುತ್ತ ಮೊದಲ ಫ್ರೆನೆಲ್ ವಲಯ ಸುಮಾರು 29 ಮೀಟರ್ ತ್ರಿಜ್ಯದಷ್ಟಿರುತ್ತೆ. ಅದರಲ್ಲಿ ಕಡಿಮೆ ಅಂದರೂ ಶೇಕಡ 60 ಭಾಗ ಖಾಲಿ ಬೇಕು. ಅದಕ್ಕೇ ಅನುಭವಸ್ಥರು ಹೇಳೋದು: ಪವರ್ ಹೆಚ್ಚಿಸುವ ಮುಂಚೆ ಆಂಟೆನಾ ಏರಿಸಿ. ಊರಿನ ನೀರಿನ ಟ್ಯಾಂಕೋ, ಗುಡ್ಡದ ತುದಿಯ ಮನೆಯೋ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಬ್ಯಾಟರಿ ತಿನ್ನೋದು ಯಾರು?

'ಹತ್ತು ವರ್ಷ ಬ್ಯಾಟರಿ' ಅನ್ನೋ ಜಾಹೀರಾತು ನಿಜವಾ? ಪೆನ್ನು ತಗೊಳ್ಳಿ. ಪ್ರಸಾರಕ್ಕೆ 40 ಮಿಲಿಆಂಪಿಯರ್, ಗಂಟೆಗೊಂದು ಸಂದೇಶ ಅಂತಿಟ್ಟುಕೊಳ್ಳೋಣ. ಎಸ್‌ಎಫ್ 12ರಲ್ಲಿ ವರ್ಷಕ್ಕೆ ಸುಮಾರು 144 ಮಿಲಿಆಂಪಿಯರ್-ಅವರ್. ಎಸ್‌ಎಫ್ 7ರಲ್ಲಿ ಬರೀ 6. ಇನ್ನು ನಿದ್ದೆ. ಇಡೀ ಬೋರ್ಡು ಮಲಗಿದಾಗ 5 ಮೈಕ್ರೋಆಂಪಿಯರ್ ಎಳೆದರೆ ವರ್ಷಕ್ಕೆ 44. ಎಎ ಸೆಲ್‌ನಲ್ಲಿ ಸುಮಾರು 2,500 ಇರುತ್ತೆ. ಸೆಲ್ ತಾನಾಗೇ ಸೋರೋದನ್ನ ಬಿಟ್ಟರೆ, ಕಾಗದದ ಮೇಲೆ ಹತ್ತು ವರ್ಷ ಸುಳ್ಳಲ್ಲ.

ಈಗ ನಮ್ಮ ಪ್ರಾಜೆಕ್ಟ್ ಬೋರ್ಡು ನೋಡಿ. ಕರೆಂಟ್ ಇದೆ ಅಂತ ತೋರಿಸೋಕೆ ಒಂದು ಪುಟ್ಟ ಕೆಂಪು ಎಲ್‌ಇಡಿ ಉರಿಯುತ್ತಿರುತ್ತೆ. ಅದು ಬರೀ 2 ಮಿಲಿಆಂಪಿಯರ್ ತಿಂದರೂ 2,500 ಮುಗಿಯೋಕೆ 52 ದಿನ ಸಾಕು. ಎಲ್‌ಇಡಿ, ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಎಲ್ಲಾ ಸೇರಿ 10 ಮಿಲಿಆಂಪಿಯರ್ ಆದರೆ ಹತ್ತೇ ದಿನ. ರೇಡಿಯೋ ಎಷ್ಟೇ ಮಿತವ್ಯಯಿ ಆಗಿದ್ದರೂ ಪಕ್ಕದಲ್ಲಿ ಕೂತವರು ಉಂಡು ಮುಗಿಸಿದರೆ ಏನು ಬಂತು? ಕಡಿಮೆ ಶಕ್ತಿಯ ವಿನ್ಯಾಸ ಅಂದರೆ ಮುಕ್ಕಾಲು ಪಾಲು ನಿದ್ದೆಯ ವಿನ್ಯಾಸ.

51 ಬೈಟ್‌ನಲ್ಲಿ ಏನು ಹಿಡಿಸುತ್ತೆ?

ನಮ್ಮ ಬ್ಯಾಂಡಿನಲ್ಲಿ ಎಸ್‌ಎಫ್ 12ರಲ್ಲಿ ಒಂದು ಸಂದೇಶಕ್ಕೆ ಗರಿಷ್ಠ 51 ಬೈಟ್ ಮಾಹಿತಿ. ವೆಬ್ ಬರೆದು ಅಭ್ಯಾಸ ಇರುವವರು ಉಷ್ಣಾಂಶ, ಆರ್ದ್ರತೆ, ಮಣ್ಣಿನ ತೇವ, ಬ್ಯಾಟರಿ ನಾಲ್ಕನ್ನೂ ಇಂಗ್ಲಿಷ್ ಹೆಸರುಗಳ ಸಮೇತ ಜೇಸನ್‌ನಲ್ಲಿ ಕಟ್ಟಿದರೆ ಸುಲಭವಾಗಿ 59 ಬೈಟ್ ಆಗುತ್ತೆ. ಅಲ್ಲಿಗೆ ಮುಗೀತು, ಹಿಡಿಸಲ್ಲ. 27.4 ಡಿಗ್ರಿಯನ್ನ 274 ಅಂತ ಪೂರ್ಣಾಂಕ ಮಾಡಿ 2 ಬೈಟ್, ಆರ್ದ್ರತೆ 1, ತೇವ 1, ಬ್ಯಾಟರಿ ಮಿಲಿವೋಲ್ಟ್‌ನಲ್ಲಿ 2. ಒಟ್ಟು 6 ಬೈಟ್. ಹೆಸರು ಕಳಿಸೋದು ಬೇಡ, ಎರಡೂ ಕಡೆ ಕ್ರಮ ಗೊತ್ತಿದ್ದರೆ ಸಾಕು.

ನಮ್ಮ ಸಂಘದವರಿಗೆ ಒಂದು ತಮಾಷೆಯ ಲೆಕ್ಕ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. 'ಕನ್ನಡ' ಅನ್ನೋ ಪದದಲ್ಲಿ ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ ಸೇರಿ ಐದು ಚಿಹ್ನೆ, ಅಂದರೆ 15 ಬೈಟ್. ಸಿಗ್‌ಫಾಕ್ಸ್‌ನಲ್ಲಿ ಒಂದು ಸಂದೇಶಕ್ಕೆ ಸಿಗೋದೇ 12 ಬೈಟ್! ಹಾಗಾಗಿ ರೈತರಿಗೆ ಕನ್ನಡದಲ್ಲಿ ಸಂದೇಶ ತೋರಿಸಬೇಕಾದರೆ ಗಾಳಿಯಲ್ಲಿ ಒಂದು ಬೈಟ್‌ನ ಸಂಕೇತ ಕಳಿಸಿ, ವಾಕ್ಯವನ್ನ ಡಿಸ್‌ಪ್ಲೇ ಇರುವ ಕಡೆಯೇ ಇಟ್ಟುಕೊಳ್ಳಿ.

ಲೋರಾ ಬೇರೆ, ಲೋರಾವ್ಯಾನ್ ಬೇರೆ

ವೈವಾದಲ್ಲಿ ಅನೇಕರು ಎಡವೋದು ಇಲ್ಲೇ. ಲೋರಾ ಅಂದರೆ ಆ ಜಾರುವ ಸ್ವರ ಮಾತ್ರ, ಭೌತಿಕ ಪದರ. ಅದರ ಹಕ್ಕು ಸೆಮ್‌ಟೆಕ್‌ನದು. ಲೋರಾವ್ಯಾನ್ ಅಂದರೆ ಯಾರು ಯಾವಾಗ ಮಾತಾಡಬೇಕು, ಬೀಗ ಹೇಗೆ ಹಾಕಬೇಕು ಅನ್ನೋ ನಿಯಮಗಳ ಪುಸ್ತಕ. ಅದು ಮುಕ್ತ ಮಾನದಂಡ. 2015ರಲ್ಲಿ ಶುರುವಾದ ಲೋರಾ ಅಲಯನ್ಸ್ ಅದನ್ನ ನೋಡಿಕೊಳ್ಳುತ್ತೆ. 2021ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅದಕ್ಕೆ ವೈ.4480 ಅಂತ ಮನ್ನಣೆ ಕೊಟ್ಟಿತು.

ಇದರಲ್ಲಿ ಸೆನ್ಸರ್ ಯಾವುದೇ ಒಂದು ಗೇಟ್‌ವೇಗೆ ಗಂಟು ಬಿದ್ದಿರಲ್ಲ. ಮಾತು ಹೊರಗೆ ಬಿಡುತ್ತೆ, ಕೇಳಿಸಿಕೊಂಡ ಎಲ್ಲಾ ಗೇಟ್‌ವೇಗಳೂ ಇಂಟರ್ನೆಟ್ ಮೂಲಕ ಸರ್ವರ್‌ಗೆ ಮುಟ್ಟಿಸುತ್ತವೆ. ನಕಲುಗಳನ್ನ ತೆಗೆದು ಒಂದನ್ನ ಉಳಿಸಿಕೊಳ್ಳೋದು ಸರ್ವರ್ ಕೆಲಸ. ಬೀಗ ಎಇಎಸ್-128. ದಾರಿಯಲ್ಲಿರುವ ಗೇಟ್‌ವೇ ಬೇರೆಯವರದಾದರೂ ಒಳಗಿನ ಮಾತು ಅದಕ್ಕೆ ತಿಳಿಯಲ್ಲ. ಹತ್ತಿರ ಇರುವ ಸೆನ್ಸರ್‌ಗೆ "ನೀನು ಇಷ್ಟು ನಿಧಾನ ಮಾತಾಡೋದು ಬೇಡ" ಅಂತ ಸರ್ವರ್ ಎಸ್‌ಎಫ್ ಇಳಿಸಲೂಬಹುದು.

ಬ್ಯಾಟರಿ ಸೆನ್ಸರ್‌ಗಳು ಸಾಮಾನ್ಯವಾಗಿ 'ಕ್ಲಾಸ್ ಎ' ಆಗಿರುತ್ತವೆ. ತಾವು ಮಾತಾಡಿದ ಮೇಲೆ ಒಂದು ಸೆಕೆಂಡಿಗೊಮ್ಮೆ, ಎರಡನೇ ಸೆಕೆಂಡಿಗೊಮ್ಮೆ ಕಿವಿ ತೆರೆದು, ಮತ್ತೆ ಮಲಗಿಬಿಡುತ್ತವೆ. ಮಧ್ಯದಲ್ಲಿ ಎಷ್ಟು ಕರೆದರೂ ಏಳಲ್ಲ. ಗಂಟೆಗೊಮ್ಮೆ ಮಾತಾಡುವ ಸಾಧನಕ್ಕೆ ನೀವು ಕೊಟ್ಟ ಆಜ್ಞೆ ತಲುಪೋಕೆ ಒಂದು ಗಂಟೆ ಆಗಬಹುದು. ಮೋಟಾರ್ ಆನ್-ಆಫ್ ಮಾಡಬೇಕಾ? ಹಾಗಾದರೆ ಯಾವಾಗಲೂ ಕಿವಿ ತೆರೆದಿರುವ 'ಕ್ಲಾಸ್ ಸಿ' ಬೇಕು. ಪಂಪ್‌ಸೆಟ್ ಹತ್ತಿರ ಹೇಗೂ ಕರೆಂಟ್ ಇರುತ್ತಲ್ಲ, ಅಲ್ಲಿ ಅದು ನಡೆಯುತ್ತೆ.

ಎಲ್ಲರೂ ಒಟ್ಟಿಗೆ ಮಾತಾಡಿದರೆ?

ಕ್ಲಾಸ್ ಎ ಸಾಧನಗಳು ಸರದಿ ಕಾಯಲ್ಲ, ಬೇಕಾದಾಗ ಮಾತಾಡುತ್ತವೆ. ಇದು 1971ರಲ್ಲಿ ಹವಾಯಿಯಲ್ಲಿ ಶುರುವಾದ ಅಲೋಹಾ ಜಾಲದ ಪದ್ಧತಿ. ಎಷ್ಟೇ ಚೆನ್ನಾಗಿ ನಡೆಸಿದರೂ ಚಾನೆಲ್‌ನ ಶೇಕಡ 18.4 ಭಾಗ ಮಾತ್ರ ಸದುಪಯೋಗ ಆಗುತ್ತೆ ಅಂತ ಪುಸ್ತಕದಲ್ಲಿ ಓದಿರ್ತೀರಿ. ನೂರರಲ್ಲಿ 90 ಸಂದೇಶ ಮೊದಲ ಸಲಕ್ಕೇ ತಲುಪಬೇಕು ಅಂದರೆ ಇನ್ನೂ ಬಿಗಿ. ಸರಳ ಅಲೋಹಾ ಸೂತ್ರದಲ್ಲಿ ಒಂದು ಚಾನೆಲ್‌ಗೆ ಗಂಟೆಗೆ ಎಸ್‌ಎಫ್ 12ರಲ್ಲಿ ಸುಮಾರು 128 ಸಂದೇಶ, ಎಸ್‌ಎಫ್ 7ರಲ್ಲಿ ಸುಮಾರು 3,000. ಅದೇ ಇಪ್ಪತ್ನಾಲ್ಕು ಪಟ್ಟು! ಎಲ್ಲರೂ ಸೇಫ್ ಆಗಿರಲಿ ಅಂತ ಎಸ್‌ಎಫ್ 12 ಹಾಕಿ ಕೂತರೆ, ಆ ಸೇಫ್ಟಿಯೇ ಎಲ್ಲರ ಬಾಯಿ ಮುಚ್ಚಿಸುತ್ತೆ. ಪ್ರತಿ ಸಂದೇಶಕ್ಕೂ 'ತಲುಪಿತು' ಅಂತ ಉತ್ತರ ಕೇಳೋದೂ ಹಾಗೇ. ಗೇಟ್‌ವೇ ಉತ್ತರ ಕೊಡುವಾಗ ಅದಕ್ಕೆ ಬೇರೆಯವರ ಮಾತು ಕೇಳಿಸಲ್ಲ.

ಮಾಡ್ಯೂಲ್ ಕೊಳ್ಳುವ ಮುಂಚೆ

ಭಾರತದಲ್ಲಿ ಲೋರಾವ್ಯಾನ್‌ಗೆ ಬಳಸೋದು 865ರಿಂದ 867 ಮೆಗಾಹರ್ಟ್ಸ್. 2005ರಿಂದಲೇ ಈ ಪಟ್ಟಿಯಲ್ಲಿ ನಿಗದಿತ ಶಕ್ತಿಯೊಳಗೆ ಲೈಸೆನ್ಸ್ ಇಲ್ಲದೆ ಮಾತಾಡಬಹುದು. ಮೂಲ ಚಾನೆಲ್‌ಗಳು ಮೂರು: 865.0625, 865.4025, 865.985. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ 915ರ ಮಾಡ್ಯೂಲ್ ಅಮೆರಿಕಾದ 902-928 ಪಟ್ಟಿಗೆ ಮಾಡಿದ್ದು. ನಮ್ಮಲ್ಲಿ 890ರಿಂದ 915ರವರೆಗೆ ಮೊಬೈಲ್‌ಗಳು ಟವರ್ ಜೊತೆ ಮಾತಾಡುವ ಜಾಗ. ಅಲ್ಲಿ ಬಾಯಿ ಹಾಕೋದು ತಪ್ಪು, ಅಷ್ಟೇ ಅಲ್ಲ, ಇನ್ನೊಬ್ಬರ ಕರೆಗೆ ಅಡ್ಡಿ. ಇನ್ನೊಂದು ಮಾತು: ಆಂಟೆನಾ ಹಾಕದೆ ಪ್ರಸಾರ ಮಾಡಬೇಡಿ, ಹೊರಗೆ ಹೋಗದ ಶಕ್ತಿ ಹಿಂದೆ ಬಂದು ಚಿಪ್ಪನ್ನೇ ಸುಡಬಹುದು.

ಯಾರ ಮೇಲೆ ನಂಬಿಕೆ ಇಡೋದು?

ತಂತ್ರಜ್ಞಾನ ಚೆನ್ನಾಗಿದ್ದರೆ ಸಾಲದು, ಜಾಲ ನಡೆಸುವವರು ಉಳಿಯಬೇಕು. ಫ್ರಾನ್ಸಿನ ಸಿಗ್‌ಫಾಕ್ಸ್ ಬಹಳ ದೇಶಗಳಿಗೆ ಹರಡಿತ್ತು, ಆದರೆ ಸರ್ವರ್ ಪೂರ್ತಿ ಆ ಕಂಪನಿಯ ಕೈಯಲ್ಲಿತ್ತು. 2022ರ ಜನವರಿಯಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಹೋದಾಗ, ನೆಚ್ಚಿಕೊಂಡವರೆಲ್ಲ ಉಸಿರು ಬಿಗಿಹಿಡಿದು ಕಾಯಬೇಕಾಯ್ತು. ಅದೇ ಏಪ್ರಿಲ್‌ನಲ್ಲಿ ಸಿಂಗಪುರದ ಯುನಾಬಿಜ್ ಕೊಂಡುಕೊಂಡ ಮೇಲೆ ಉಸಿರಾಟ. ಲೋರಾವ್ಯಾನ್‌ನಲ್ಲಿ ಗೇಟ್‌ವೇ, ಸರ್ವರ್ ಎರಡನ್ನೂ ನಾವೇ ಇಟ್ಟುಕೊಳ್ಳಬಹುದು. ಒಂದು ಸಹಕಾರ ಸಂಘ, ಒಂದು ಪಂಚಾಯಿತಿ, ಒಂದು ಕಾಲೇಜು ಕೂಡ ನಡೆಸಬಹುದಾದ ಜಾಲ ಇದು. ಆಂಸ್ಟರ್‌ಡ್ಯಾಮ್‌ನಲ್ಲಿ 2015ರಲ್ಲಿ ಆಸಕ್ತರೇ ಸೇರಿ ಹತ್ತು ಗೇಟ್‌ವೇಗಳಿಂದ ಊರಿಗೆ ಜಾಲ ಹಾಸಿದರು. 'ದಿ ಥಿಂಗ್ಸ್ ನೆಟ್‌ವರ್ಕ್' ಹುಟ್ಟಿದ್ದು ಹಾಗೆ.

ಹಾಗಂತ ಎಲ್ಲಕ್ಕೂ ಲೋರಾ ಅಂತ ಹೊರಡಬೇಡಿ. ಫೋಟೋ, ಧ್ವನಿ, ವಿಡಿಯೋ ಆಗಲ್ಲ. ಒಂದು ಸಂದೇಶ ತಪ್ಪಿದರೂ ಜೀವಕ್ಕೆ ಅಪಾಯ ಅನ್ನುವ ಕಡೆ ಇದೊಂದನ್ನೇ ನಂಬೋದು ಸಲ್ಲ. ಮೊಬೈಲ್ ಸಿಗ್ನಲ್ ಚೆನ್ನಾಗಿರುವ ಊರಲ್ಲಿ ಒಂದೇ ಒಂದು ಮೀಟರ್ ಇಡೋದಾದರೆ, ಗೇಟ್‌ವೇ ಖರ್ಚು ಯಾಕೆ? ಅಲ್ಲಿ ಎನ್‌ಬಿ-ಐಒಟಿಯಂಥ ಸಿಮ್ ಆಧಾರಿತ ದಾರಿಯೇ ಸಲೀಸು.

ಏಳನೇ ಸೆಮಿಸ್ಟರ್‌ಗೆ ಪ್ರಾಜೆಕ್ಟ್ ಹುಡುಕುತ್ತಿರುವ ಗೆಳೆಯ ಗೆಳತಿಯರೇ, ಕುಂಡದ ಮುಂದೆ ಗ್ರಾಫ್ ತೋರಿಸೋದು ಸುಲಭ. ಈ ಸಲ ಬೇರೆ ಏನಾದ್ರೂ ಮಾಡಿ. ಹಾಸ್ಟೆಲ್ ಮಹಡಿಯ ಮೇಲೆ ಒಂದು ಗೇಟ್‌ವೇ ಇಡಿ, ಒಂದು ನೋಡ್ ಹಿಡಿದು ಬಸ್ಸು ಹತ್ತಿ, ನಿಲ್ದಾಣಕ್ಕೊಂದರಂತೆ ಸಿಗ್ನಲ್ ಬರೆದುಕೊಳ್ಳಿ. ಆ ನಕ್ಷೆ ಒಂದಿದ್ದರೆ ಸುತ್ತಲಿನ ಹಳ್ಳಿಗಳಲ್ಲಿ ಯಾವ ಗುಡ್ಡದ ಮೇಲೆ ಆಂಟೆನಾ ನಿಲ್ಲಿಸಬೇಕು ಅಂತ ಗೊತ್ತಾಗುತ್ತೆ. ನೋಡ್ ಅನ್ನ ಒಂದು ಮಳೆಗಾಲ ಪೂರ್ತಿ ಹೊರಗೆ ಬಿಡಿ. ಅಷ್ಟು ಕಾಲವೂ ಸೆಲ್ ಬದಲಿಸದೆ ಅದು ಗಂಟೆಗೊಂದು ಸಂದೇಶ ಕಳಿಸುತ್ತಾ ಇದ್ದರೆ, ಪ್ರಾಜೆಕ್ಟ್ ಪಾಸಾದ ಹಾಗೆಯೇ.